ಬಾವಿನೀರಿನಲ್ಲಿ ಪೆಟ್ರೋಲ್: ಮೂರು ವರದಿಗಳಲ್ಲಿ ಯಾವುದನ್ನು ನಂಬುವುದು?

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟದ ಮನೆ. ಬಾವಿಯಿಂದ ಸ್ವಲ್ಪ ಮೇಲೆ, ರಸ್ತೆ ಬದಿಯಲ್ಲಿ ಪೆಟ್ರೋಲ್ ಬಂಕ್ ಇದೆ. ಕಳೆದ ಮಳೆಗಾಲದಿಂದ ನೀರಿಗೆ ಒಂದು ಥರದ ವಾಸನೆ. ಮೊದಲು ಕೊಟ್ಟ ಲ್ಯಾಬಿನವರು ‘ಎಣ್ಣೆ ಮತ್ತು ಗ್ರೀಸ್ ಪತ್ತೆಯಾಗಿಲ್ಲ’ ಎಂದು ಬರೆದರು. ಆಮೇಲೆ ಒಂದೇ ದಿನ ತೆಗೆದ ನೀರನ್ನು ಬೇರೆ ಎರಡು ಕಡೆ ಕೊಟ್ಟೆವು. ಜಿಸಿ-ಪಿಐಡಿ ವಿಧಾನದಲ್ಲಿ ಎಂಟಿಬಿಇ (ಪೆಟ್ರೋಲಿಗೆ ಬೆರೆಸುವ ಒಂದು ರಾಸಾಯನಿಕ) ಲೀಟರಿಗೆ 46 ಮೈಕ್ರೋಗ್ರಾಂ ಬಂತು. ಜಿಸಿ-ಎಂಎಸ್‌ನಲ್ಲಿ ಎಂಟಿಬಿಇ 3, ಬೆಂಜೀನ್ 22. ಬಂಕಿನವರು ಮೊದಲ ವರದಿ ಹಿಡಿದು ‘ಏನೂ ಇಲ್ಲವಲ್ಲ’ ಎನ್ನುತ್ತಾರೆ. ಯಾವುದನ್ನು ನಂಬಬೇಕು? (ಹೆಸರು ಬೇಡ)

ಉತ್ತರ: ಎಂಟಿಬಿಇಯ ಜಗಳ ಆಮೇಲೆ. ಮೂರನೆಯ ವರದಿಯಲ್ಲಿರುವ ಬೆಂಜೀನ್ 22 ಎಂಬ ಸಾಲನ್ನು ಮೊದಲು ನೋಡಿ. ಕುಡಿಯುವ ನೀರಿನಲ್ಲಿ ಬೆಂಜೀನ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದು ರಕ್ತದ ಕ್ಯಾನ್ಸರ್ ತರುವ ವಸ್ತು. ಇವತ್ತಿನಿಂದಲೇ ಕುಡಿಯಲು, ಅಡುಗೆಗೆ ಬೇರೆ ನೀರು ತನ್ನಿ. ಆ ನೀರನ್ನು ಕಾಯಿಸಿ ಸ್ನಾನ ಮಾಡುವುದೂ ಬೇಡ, ಬಚ್ಚಲುಮನೆಯ ಆವಿಯಲ್ಲಿ ಬೆಂಜೀನ್ ಉಸಿರಿಗೆ ಸೇರುತ್ತದೆ.

ಬಂಕಿನವರು ಹಿಡಿದಿರುವ ವರದಿ ಸುಳ್ಳಲ್ಲ, ಆದರೆ ಈ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಎಣ್ಣೆ-ಗ್ರೀಸ್ ಪರೀಕ್ಷೆಯಲ್ಲಿ ನೀರಿನ ಎಣ್ಣೆಯಂಶವನ್ನು ದ್ರಾವಕಕ್ಕೆ ಇಳಿಸಿ, ದ್ರಾವಕವನ್ನು ಬಿಸಿಯಲ್ಲಿ ಆರಿಸಿ, ಉಳಿದದ್ದನ್ನು ತೂಗುತ್ತಾರೆ. ಪೆಟ್ರೋಲಿನ ಹಗುರ ಅಂಶಗಳೆಲ್ಲ ದ್ರಾವಕದ ಜೊತೆಗೇ ಹಾರಿಹೋಗುತ್ತವೆ. ಸಾಲದ್ದಕ್ಕೆ ಅದರ ಅಳತೆ ಮಿಲಿಗ್ರಾಂ ಲೆಕ್ಕದ್ದು, ನಮಗೆ ಬೇಕಾದದ್ದು ಅದರ ಸಾವಿರದಲ್ಲೊಂದು ಪಾಲು. ಹಾಗಾಗಿ ‘ಪತ್ತೆಯಾಗಿಲ್ಲ’ ಎಂಬ ಮಾತಿನಿಂದ ಪೆಟ್ರೋಲಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಇನ್ನು 46 ಮತ್ತು 3. ಎರಡೂ ಗ್ಯಾಸ್ ಕ್ರೊಮ್ಯಾಟೋಗ್ರಫಿಯೇ (ಜಿಸಿ). ನೀರಿನೊಳಗೆ ಅನಿಲದ ಗುಳ್ಳೆ ಹಾಯಿಸಿ ಆವಿಯಾಗುವ ವಸ್ತುಗಳನ್ನು ಹೊರತೆಗೆದು ಉದ್ದದ ಕೊಳವೆಯಲ್ಲಿ ಓಡಿಸುತ್ತಾರೆ, ಒಂದೊಂದು ಒಂದೊಂದು ಹೊತ್ತಿಗೆ ಹೊರಬರುತ್ತದೆ. ವ್ಯತ್ಯಾಸವಿರುವುದು ಕೊನೆಯ ಪತ್ತೆಕಾರಕದಲ್ಲಿ: ಒಂದರಲ್ಲಿ ಪಿಐಡಿ, ಇನ್ನೊಂದರಲ್ಲಿ ಎಂಎಸ್. ಕುಂಬಳೆಯಲ್ಲಿ ಬಸ್ಸಿನ ಬೋರ್ಡ್ ಓದದೆ, ಬಂದ ಹೊತ್ತು ನೋಡಿಯೇ ಇದು ಪೆರ್ಲದ ಬಸ್ಸು ಎಂದು ಬರೆದುಕೊಳ್ಳುವವನ ಹಾಗೆ ಪಿಐಡಿ. ಎಂಎಸ್ ಬೋರ್ಡ್ ಓದುತ್ತದೆ: ಅಣುವನ್ನು ಒಡೆದು ಚೂರುಗಳ ತೂಕ ನೋಡುತ್ತದೆ, ಎಂಟಿಬಿಇಗೆ 73 ತೂಕದ ಚೂರು ಮುಖ್ಯ ಗುರುತು. ಪೆಟ್ರೋಲಿನಲ್ಲೇ ಇರುವ ಮೀಥೈಲ್‌ಪೆಂಟೇನ್‌ಗಳು ಹೆಚ್ಚುಕಡಿಮೆ ಎಂಟಿಬಿಇ ಬರುವ ಹೊತ್ತಿಗೇ ಬರುತ್ತವೆ. ಪಿಐಡಿ ಅವನ್ನೂ ಎಂಟಿಬಿಇ ಖಾತೆಗೆ ಸೇರಿಸಬಲ್ಲದು. ನಿಮ್ಮ 46ರ ಹೆಚ್ಚಿನ ಪಾಲು ಹೀಗೆ ಬಂದದ್ದೆಂದೇ ನನ್ನ ಅಂದಾಜು, ನೀರಿನಲ್ಲಿ ಪೆಟ್ರೋಲಿನ ಉಳಿದ ಅಂಶಗಳೂ ಇವೆ ಎಂಬುದಕ್ಕೆ ಬೆಂಜೀನೇ ಸಾಕ್ಷಿ. ಎರಡನೆಯ ಬಗೆಯ ಕೊಳವೆಯಲ್ಲಿ ಓಡಿಸಿ ಖಚಿತಪಡಿಸಿದ್ದೀರಾ ಎಂದು ಆ ಲ್ಯಾಬನ್ನು ಕೇಳಿ.

ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು 2001ರಲ್ಲಿ ಪ್ರಕಟಿಸಿದ ಹೋಲಿಕೆಯೂ ಇದನ್ನೇ ತೋರಿಸಿತು. ಪೆಟ್ರೋಲ್ ಬೆರೆತ ನೀರಿನಲ್ಲಿ ಪಿಐಡಿ ಇಲ್ಲದ್ದನ್ನು ಇದೆ ಎಂದಿತು, ಕೆಲವೊಮ್ಮೆ ಇದ್ದದ್ದನ್ನೂ ತಪ್ಪಿಸಿಕೊಂಡಿತು. ಎಂಎಸ್ ನಿಂತಿತು. ಎಫ್‌ಐಡಿ, ಅಂದರೆ ಜ್ವಾಲೆಯಲ್ಲಿ ಸುಟ್ಟು ಅಳೆಯುವ ಪತ್ತೆಕಾರಕ, ಇಟ್ಟ ಇನ್ನೊಂದು ವಿಧಾನವೂ ನಿಂತಿತು. ಅದರಲ್ಲಿ ಮೊದಲ ಕೊಳವೆ ಪೆಟ್ರೋಲಿನ ಹೈಡ್ರೋಕಾರ್ಬನ್‌ಗಳನ್ನು ಹೊರಗೆ ಬಿಟ್ಟು ಎಂಟಿಬಿಇಯಂಥ ಆಮ್ಲಜನಕವಿರುವ ಸೇರ್ಪಡೆಗಳನ್ನಷ್ಟೇ ಹಿಡಿದು ಎರಡನೆಯದಕ್ಕೆ ಕಳಿಸುತ್ತದೆ.

ಆದರೆ ಜಿಸಿ-ಎಂಎಸ್ ಎಂದ ಕೂಡಲೇ ಎಲ್ಲ ಮುಗಿಯಲಿಲ್ಲ. ಎಂಟಿಬಿಇ ಲೀಟರ್ ನೀರಿನಲ್ಲಿ ಸುಮಾರು 50 ಗ್ರಾಂ ಕರಗುತ್ತದೆ, ಬೆಂಜೀನ್ 2 ಗ್ರಾಂ ಕೂಡ ಕರಗುವುದಿಲ್ಲ. ಎಂಟಿಬಿಇ ಮಣ್ಣಿಗೂ ಅಂಟುವುದಿಲ್ಲ, ನೀರು ಹೋದಲ್ಲೆಲ್ಲ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರ 1996ರಲ್ಲಿ ಕುಡಿಯುವ ನೀರಿನ ಬಾವಿಗಳನ್ನು ಮುಚ್ಚಿದ್ದು ಇದರಿಂದಲೇ. ಇಷ್ಟು ನೀರುಪ್ರೀತಿಯ ವಸ್ತು ನೀರು ಬಿಟ್ಟು ಗುಳ್ಳೆಗೆ ಸುಲಭಕ್ಕೆ ಬರುವುದಿಲ್ಲ. ಅದು ಒಡೆದಾಗ ಹುಟ್ಟುವ ಟಿಬಿಎ ಇನ್ನೂ ಕಷ್ಟ, ಎಥನಾಲ್ ಅದಕ್ಕಿಂತಲೂ. ಅವುಗಳಿಗೆ ನೀರನ್ನು ಬಿಸಿ ಮಾಡಿ ಗುಳ್ಳೆ ಹಾಯಿಸಬೇಕು, ಇಲ್ಲವೇ ನೀರನ್ನೇ ನೇರವಾಗಿ ಯಂತ್ರಕ್ಕೆ ಚುಚ್ಚಬೇಕು. ಇಲ್ಲೊಂದು ಅಪಾಯವಿದೆ: ನೀರು ಕೆಡದಿರಲೆಂದು ಹಾಕುವ ಆಮ್ಲ, ಬಿಸಿಯಾದಾಗ ಎಂಟಿಬಿಇಯನ್ನೇ ಟಿಬಿಎ ಆಗಿ ಒಡೆಯುತ್ತದೆ. ಬಿಸಿ ಮಾಡುವುದಾದರೆ ಆಮ್ಲದ ಬದಲು ಟ್ರೈಸೋಡಿಯಂ ಫಾಸ್ಫೇಟ್ ಹಾಕಬೇಕು. ನಿಮ್ಮ ವರದಿಯಲ್ಲಿ ಟಿಬಿಎ ಹೆಸರೇ ಇಲ್ಲ. ಹುಡುಕದ್ದನ್ನು ಇಲ್ಲ ಎಂದು ತಿಳಿಯಬೇಡಿ.

ಈಗಿನ ನಮ್ಮ ಪೆಟ್ರೋಲಿನಲ್ಲಿ ಎಥನಾಲ್ ಬಹಳ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಮೊದಲು ತಿಂದು ಆಮ್ಲಜನಕವನ್ನೆಲ್ಲ ಮುಗಿಸಿಬಿಡುತ್ತವೆ, ಬೆಂಜೀನ್ ಹಾಗೇ ಉಳಿದು ಮುಂದೆ ಸಾಗುತ್ತದೆ. ಎಥನಾಲ್ ಸಿಗಲಿಲ್ಲ ಎಂಬುದೂ ಸಮಾಧಾನವಲ್ಲ.

ಮತ್ತೊಮ್ಮೆ ನೀರು ಕೊಡಿ. ಕೊಡಪಾನದಲ್ಲಿ ಸೇದಿ ಹಳೆಯ ಮಿನರಲ್ ವಾಟರ್ ಬಾಟಲಿಗೆ ತುಂಬಿದರೆ ಪೆಟ್ರೋಲಿನ ಒಂದು ಪಾಲು ಗಾಳಿಗೆ ಹೋಗಿರುತ್ತದೆ. ಲ್ಯಾಬಿನಿಂದಲೇ 40 ಮಿಲಿಲೀಟರಿನ ಗಾಜಿನ ಸೀಸೆಗಳನ್ನು ತರಿಸಿ. ನೀರಿನ ಮೇಲ್ಮೈಯದ್ದನ್ನಲ್ಲ, ಆಳದ್ದನ್ನು ತೆಗೆದು, ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಿ ಮುಚ್ಚಿ. ಮಂಜುಗಡ್ಡೆಯಲ್ಲಿಟ್ಟು ಬೇಗ ತಲುಪಿಸಿ, 14 ದಿನದೊಳಗೆ ಪರೀಕ್ಷೆ ಮುಗಿಯಬೇಕು. ದಾರಿಯಲ್ಲಿ ಗಾಡಿಗೆ ಪೆಟ್ರೋಲ್ ಹಾಕಿಸಬೇಡಿ. ಶುದ್ಧ ನೀರು ತುಂಬಿದ ಒಂದು ಸೀಸೆಯೂ ಜೊತೆಗೇ ಹೋಗಿ ಬರಲಿ, ದಾರಿಯ ಕಲಬೆರಕೆ ಅದರಲ್ಲಿ ಗೊತ್ತಾಗುತ್ತದೆ.

ಚೀಟಿಯಲ್ಲಿ ಹೀಗೆ ಬರೆಸಿ: ‘ಜಿಸಿ-ಎಂಎಸ್, ಬೆಂಜೀನ್, ಟಾಲ್ಯೂಯಿನ್, ಈಥೈಲ್‌ಬೆಂಜೀನ್, ಕ್ಸೈಲೀನ್, ಎಂಟಿಬಿಇ, ಟಿಬಿಎ, ಪ್ರತಿಯೊಂದರ ಪತ್ತೆಮಿತಿ ಸಹಿತ’. ನಮ್ಮ ಮುರಕಲ್ಲಿನ ತೂತುಗಳಲ್ಲಿ ಮಳೆನೀರು ಬೇಗ ಹಾಯುವುದರಿಂದ ಮೇ ಕೊನೆಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಮಾಡಿಸಿ. ಬಂಕಿನ ಕೆಳಗಿನ ಇಳಿಜಾರಿನಲ್ಲಿ ಯಾರಿಗಾದರೂ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗವಿದ್ದರೆ ಅದರ ನೀರೂ ಸೇರಲಿ. ಈಗಿರುವ ಮೂರನೆಯ ವರದಿಯ ಪ್ರತಿ ಇಟ್ಟು ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ ಮತ್ತು ಪಂಚಾಯತಿಗೆ ಲಿಖಿತ ದೂರು ಕೊಟ್ಟು, ನೆಲದಡಿಯ ಟ್ಯಾಂಕಿನ ಸೋರಿಕೆ ಪರೀಕ್ಷೆಯಾಗಬೇಕೆಂದು ಕೇಳಿ. ಎರಡನೆಯ ಸುತ್ತಿನ ಫಲಿತಾಂಶಕ್ಕೆ ಕಾಯುವ ಅಗತ್ಯವಿಲ್ಲ.