ಮೊದಲು ಮುಂದಿನ ಬಾಗಿಲು, ಆಮೇಲೆ ಡಿಕ್ಕಿ

ಪ್ರಶ್ನೆ: ಸರ್, 2014ರ ಸ್ವಿಫ್ಟ್ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದೇನೆ. ಕಂಪನಿಯ ಸ್ಟೀರಿಯೊ ಹಾಗೇ ಇದೆ, ಯುಎಸ್‌ಬಿ ಕೆಲಸ ಮಾಡುತ್ತದೆ. ಹುಬ್ಬಳ್ಳಿಗೆ ಆಗಾಗ ಓಡಾಟ. ಹಿಂದೂಸ್ತಾನಿ ಗಾಯನ, ವಚನ, ಹಳೇ ಸಿನಿಮಾ ಹಾಡು ಜಾಸ್ತಿ ಕೇಳುತ್ತೇನೆ. 25 ಸಾವಿರ ಖರ್ಚು ಮಾಡಬಲ್ಲೆ. ಅಷ್ಟರಲ್ಲೇ 9 ಇಂಚಿನ ಆಂಡ್ರಾಯ್ಡ್ ಸ್ಕ್ರೀನ್, ನಾಲ್ಕು ಬಾಗಿಲಿಗೂ ಸ್ಪೀಕರ್, ಡಿಕ್ಕಿಗೆ 1000 ವಾಟ್ ವೂಫರ್ ಹಾಕಿಕೊಡುತ್ತೇವೆ ಅನ್ನುತ್ತಾರೆ ಅಂಗಡಿಯವರು. ಒಪ್ಪಿಕೊಳ್ಳಲೇ?
– ಓದುಗರು, ದಾವಣಗೆರೆ

ಬೇಡ, ದಯವಿಟ್ಟು ಒಪ್ಪಿಕೊಳ್ಳಬೇಡಿ. ಅದೇ ದುಡ್ಡಿಗೆ ಇದಕ್ಕಿಂತ ಎಷ್ಟೋ ಚೆನ್ನಾಗಿ ಕೇಳಬಹುದು.

ಸ್ಕ್ರೀನಿನಿಂದ ದನಿ ಹುಟ್ಟುವುದಿಲ್ಲ. ನಿಮ್ಮ ಸ್ಟೀರಿಯೊ ಚೆನ್ನಾಗಿದೆ ಅಂದಮೇಲೆ ಸದ್ಯಕ್ಕೆ ಅದನ್ನು ಮುಟ್ಟಬೇಡಿ. ಆ 1000 ವಾಟ್ ಅನ್ನೋದನ್ನೂ ನಂಬಬೇಡಿ, ಅದು ಡಬ್ಬದ ಮೇಲೆ ಬರೆದ ಸಂಖ್ಯೆ ಅಷ್ಟೇ. ನೋಡಬೇಕಾದ್ದು ಆರ್‌ಎಂಎಸ್ ವಾಟ್, ಅಂದರೆ ಬಿಡದೆ ಕೊಡಬಲ್ಲ ಶಕ್ತಿ. ಸಾಮಾನ್ಯ ಸ್ಟೀರಿಯೊಗಳ ಮೇಲೆ ನಾಲ್ಕು ಚಾನೆಲ್‌ಗೂ (ಒಂದೊಂದು ಸ್ಪೀಕರಿಗೆ ಹೋಗುವ ದಾರಿ) ತಲಾ 50 ವಾಟ್ ಅಂತ ಬರೆದಿದ್ದರೂ, ಕಾರಿನ 12 ವೋಲ್ಟ್ ಬ್ಯಾಟರಿಯಿಂದ ನಿಜವಾಗಿ ಸಿಗುವುದು ತಲಾ 20 ವಾಟ್ ಆಸುಪಾಸು.

ನಿಮ್ಮ ದುಡ್ಡು ಮೊದಲು ಹೋಗಬೇಕಾದ್ದು ಮುಂದಿನ ಎರಡು ಬಾಗಿಲಿಗೆ. ಅಲ್ಲಿಗೆ ಆರೂವರೆ ಇಂಚಿನ ಒಂದು ಜೊತೆ ಕಾಂಪೊನೆಂಟ್ ಸ್ಪೀಕರ್ ತೆಗೆದುಕೊಳ್ಳಿ. ಇದರಲ್ಲಿ ತಗ್ಗು ದನಿ ಕೊಡುವ ವೂಫರ್, ಏರು ದನಿ ಕೊಡುವ ಟ್ವೀಟರ್ ಬೇರೆ ಬೇರೆ ಇರುತ್ತವೆ. ವೂಫರ್ ಕಾಲಿನ ಹತ್ತಿರ ಬಾಗಿಲಲ್ಲೇ ಉಳಿದು, ಟ್ವೀಟರ್ ಮೇಲೆ ಕನ್ನಡಿಯ ಹತ್ತಿರ ಕೂತರೆ ಹಾಡುವವರು ನಿಮ್ಮ ಎದುರಿಗೇ ಕೂತಂತೆ ಕೇಳುತ್ತದೆ, ಗಾಯನ ಇಷ್ಟಪಡುವವರಿಗೆ ಇದಕ್ಕಿಂತ ಬೇಕಾದ್ದು ಬೇರೆ ಇಲ್ಲ ಅಲ್ವಾ? ಹಿಂದಿನ ಬಾಗಿಲ ಸ್ಪೀಕರ್ ಹಳೇದೇ ಇರಲಿ. ಒಬ್ಬರೇ ಓಡಿಸುವಾಗ ದನಿಯನ್ನು ಮುಂದಿನ, ಹಿಂದಿನ ಸ್ಪೀಕರಿಗೆ ಹಂಚುವ ಫೇಡರನ್ನು ಪೂರ್ತಿ ಮುಂದಕ್ಕೆ ತಿರುಗಿಸಿ.

ಇನ್ನು ಹೆಚ್ಚಿನವರು ಬಿಟ್ಟುಬಿಡುವ ಕೆಲಸಕ್ಕೆ ಬರುತ್ತೇನೆ. ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳಿದಾಗ ಅದರ ಹಿಂದೆ ಉಲ್ಟಾ ಅಲೆ ಹುಟ್ಟುತ್ತದೆ. ಬಾಗಿಲ ಒಳತಗಡಿನಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳಿವೆ, ಕಂಪನಿಯವರು ಅವುಗಳ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಅಷ್ಟೇ. ಹಿಂದಿನ ಅಲೆ ಆ ತೂತಿನಿಂದ ಈಚೆ ಬಂದು ಮುಂದಿನ ಅಲೆಯನ್ನೇ ನುಂಗಿಹಾಕುತ್ತದೆ. ಬೇಸ್ ಬರೋದೇ ಇಲ್ಲ. ಜನ ಸ್ಪೀಕರ್ ಸರಿಯಿಲ್ಲ ಅಂದುಕೊಂಡು ಡಿಕ್ಕಿಗೆ ವೂಫರ್ ಹಾಕಿಸುತ್ತಾರೆ! ಆ ತೂತುಗಳನ್ನು ಮುಚ್ಚಿಸಿ, ಹೊರತಗಡಿನ ಒಳಮೈಗೆ ತಗಡು ಅದುರದಂತೆ ತಡೆಯುವ ಬ್ಯುಟೈಲ್ ರಬ್ಬರಿನ ಡ್ಯಾಂಪಿಂಗ್ ಶೀಟ್ ಅಂಟಿಸಿ. ಅಗ್ಗದ ಡಾಂಬರು ಶೀಟ್ ಬೇಡವೇ ಬೇಡ. ನಿಮ್ಮ ಊರಿನ ಏಪ್ರಿಲ್ ಬಿಸಿಲಿಗೆ ಅದು ಮೆತ್ತಗಾಗಿ ವಾಸನೆ ಹೊಡೆಯುತ್ತದೆ. ಬಾಗಿಲ ತಳದಲ್ಲಿ ಮಳೆನೀರು ಇಳಿದು ಹೋಗುವ ಸಣ್ಣ ತೂತುಗಳನ್ನು ಮಾತ್ರ ಮುಚ್ಚಬಾರದು, ಮುಚ್ಚಿದರೆ ತುಕ್ಕು ಖಂಡಿತ. ಸ್ಪೀಕರ್ ಕೂರಿಸುವ ರಿಂಗ್ ಎಂಡಿಎಫ್‌ನದಾದರೆ (ಮರದ ನಾರು ಒತ್ತಿ ಮಾಡಿದ ಹಲಗೆ) ನೀರು ಕುಡಿದು ಉಬ್ಬುತ್ತದೆ, ಗಟ್ಟಿ ಪ್ಲಾಸ್ಟಿಕ್ಕಿನದು ಕೇಳಿ. ಕೆಲಸ ಮುಗಿದ ಮೇಲೆ ಬಾಗಿಲನ್ನು ಬೆರಳಿಂದ ತಟ್ಟಿ ನೋಡಿ. ಮುಂಚೆ ಟಣ್ ಅನ್ನುತ್ತಿದ್ದದ್ದು ಈಗ ಡಬ್ ಅನ್ನಬೇಕು.

ಆಮೇಲೆ ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್, ಅಂದರೆ ಆಂಪ್. ನಾಲ್ಕು ಚಾನೆಲ್‌ನದು, ತಲಾ 50 ವಾಟ್ ಆರ್‌ಎಂಎಸ್ ಇದ್ದರೆ ಧಾರಾಳ. ಕಂಪನಿ ಸ್ಟೀರಿಯೊ ಉಳಿಸಿಕೊಳ್ಳುವುದರಿಂದ ಹೈ ಲೆವೆಲ್ ಇನ್‌ಪುಟ್ ಇದೆಯೇ ಅಂತ ಕೇಳಿಯೇ ಕೊಳ್ಳಿ, ಅದಿದ್ದರೆ ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳಬಹುದು. ಎರಡು ಚಾನೆಲ್ ಮುಂದಿನ ಸ್ಪೀಕರಿಗೆ. ಉಳಿದ ಎರಡು ಖಾಲಿ ಇರಲಿ, ಮುಂದೆಂದಾದರೂ ಸೀಟಿನ ಕೆಳಗೆ ಸಣ್ಣ ಸಬ್‌ವೂಫರ್ ಬೇಕನಿಸಿದರೆ ಅವನ್ನು ಸೇರಿಸಿ ಅದಕ್ಕೆ ಕೊಡಬಹುದು. ನೀವು ಕೇಳುವ ಸಂಗೀತಕ್ಕೆ ಅದು ಬೇಕಾಗಲಿಕ್ಕಿಲ್ಲ. ಗಟ್ಟಿಯಾದ ಬಾಗಿಲಲ್ಲಿ ತಬಲಾದ ಡಗ್ಗ ಚೆನ್ನಾಗೇ ಕೇಳುತ್ತದೆ.

ವೈರಿನಲ್ಲಿ ಉಳಿಸಲು ಹೋಗಬೇಡಿ. ಅಗ್ಗದ ಕಿಟ್‌ಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಇರುತ್ತದೆ, ಪೂರ್ತಿ ತಾಮ್ರದ್ದೇ ಬೇಕು ಅನ್ನಿ. ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು, ಇದು ದನಿಯ ಮಾತಲ್ಲ, ಬೆಂಕಿಯ ಮಾತು. ಅರ್ಥ್ ಕೊಡುವ ಜಾಗದಲ್ಲಿ ಬಣ್ಣ ಕೆರೆದು ಬರಿ ಲೋಹಕ್ಕೆ ಬಿಗಿಯಬೇಕು, ಇಲ್ಲದಿದ್ದರೆ ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಸ್ಪೀಕರಿನಲ್ಲಿ ಕುಂಯ್ ಅನ್ನುವ ದನಿ ಏರಬಹುದು.

ಲೆಕ್ಕ ಹೀಗಿಟ್ಟುಕೊಳ್ಳಿ: ಸ್ಪೀಕರಿಗೆ 8 ಸಾವಿರ, ಬಾಗಿಲ ಕೆಲಸಕ್ಕೆ 5 ಸಾವಿರ, ಆಂಪ್‌ಗೆ 8 ಸಾವಿರ, ವೈರು ಮತ್ತು ಕೂಲಿಗೆ 4 ಸಾವಿರ. ಒಂದೇ ಸಲ ಆಗದಿದ್ದರೆ ಆಂಪ್ ಆರು ತಿಂಗಳು ಕಾಯಲಿ, ಬಾಗಿಲ ಕೆಲಸ ಮಾತ್ರ ಸ್ಪೀಕರ್ ಹಾಕುವ ದಿನವೇ ಆಗಲಿ. ಹಾಡುಗಳನ್ನು 320 ಕೆಬಿಪಿಎಸ್ ಎಂಪಿ3 ಆಗಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಹಳೇ ಧ್ವನಿಮುದ್ರಿಕೆಗಳಲ್ಲಿ ಸುಸ್ ಅನ್ನುವ ಸದ್ದು ಇನ್ನೂ ಸ್ಪಷ್ಟವಾಗಿ ಕೇಳುತ್ತದೆ, ಅದು ಮೂಲದಲ್ಲೇ ಇರುವುದು, ಗಾಬರಿಯಾಗಬೇಡಿ.

ಪ್ರಶ್ನೆ: ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬೋರ್ಡಿಗೆ ಹಾಕಿದ ಸ್ಪೀಕರುಗಳನ್ನು ಕೇಳಿ ನೋಡಿದೆ. ಎಲ್ಲವೂ ಚೆನ್ನಾಗಿಯೇ ಕೇಳುತ್ತವೆ. ಹೇಗೆ ಆರಿಸಲಿ?
– ಓದುಗರು, ಬೆಂಗಳೂರು

ಬೋರ್ಡಿನ ಮೇಲೆ ಕೇಳಿದ್ದು ಬಾಗಿಲಲ್ಲಿ ಹಾಗೇ ಕೇಳುವುದಿಲ್ಲ. ಅವರು ಕೆಲಸ ಮಾಡಿದ ಕಾರೊಂದರಲ್ಲಿ ಕೂರಿಸಿ ಅಂತ ಕೇಳಿ. ಬೇಸ್, ಟ್ರೆಬಲ್ ಎರಡನ್ನೂ ಸೊನ್ನೆಗೆ ತಂದು, ನಿಮಗೆ ಬಾಯಿಪಾಠ ಆಗಿರುವ ಹಾಡನ್ನೇ ಸಣ್ಣ ದನಿಯಲ್ಲಿ ಕೇಳಿ. 'ಸ', 'ಶ' ಬಂದಾಗ ಕಿವಿಗೆ ಚುಚ್ಚಿದರೆ ಆ ಸ್ಪೀಕರ್ ಬಿಡಿ, ಎಷ್ಟೇ ದೊಡ್ಡ ಹೆಸರಿನದಾದರೂ ಸರಿ.

ಪ್ರಶ್ನೆ: ಹೊಸ ಸ್ಪೀಕರ್ ಹಾಕಿಸಿದ ಮೇಲೆ ಬೇಸ್ ಮುಂಚಿಗಿಂತ ಕಡಿಮೆಯಾಗಿದೆ. ಯಾಕೆ?
– ಓದುಗರು, ಶಿವಮೊಗ್ಗ

ಒಂದು ಕಡೆಯ ವೂಫರಿಗೆ ಪ್ಲಸ್, ಮೈನಸ್ ಅದಲು ಬದಲಾಗಿರಬಹುದು. ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಿರುಗಿಸಿ ಕೇಳಿ, ಆಮೇಲೆ ಬಲಕ್ಕೆ. ಒಂದೊಂದೇ ಕೇಳುವಾಗ ಬೇಸ್ ಇದ್ದು ಎರಡೂ ಸೇರಿದಾಗ ಮಾಯವಾದರೆ ಅದೇ ಕಾರಣ. ಹಾಕಿದವರ ಹತ್ತಿರವೇ ಹೋಗಿ ಒಂದು ಕಡೆಯ ವೈರ್ ತಿರುಗಿಸಿ ಹಾಕಿಸಿಕೊಳ್ಳಿ.