ಮಳೆ ಹಿಡಿದಿದ್ದರೆ ಹಂಪಿಗೆ ಓಡಬೇಡಿ, ಲಕ್ಕುಂಡಿಯಲ್ಲಿ ಒಂದು ದಿನ ಇರಿ

ಅಣ್ಣಾರೇ, ನಿಮ್ಮ ಪ್ರಶ್ನೆ ಓದಿದೆ. ಬಾಡಿಗೆ ಕ್ಯಾರವಾನ್ ತಗೊಂಡು ತಾಯಿ, ಹೆಂಡತಿ, ಇಬ್ಬರು ಮಕ್ಕಳ ಜೊತೆ ಗದಗಿನ ಹತ್ತಿರ ನಿಂತಿದ್ದೀರಿ, ಮಳೆ ಬಿಡುತ್ತಿಲ್ಲ, ನಾಳೆ ಗಾಡಿಯೊಳಗೇ ಕೂರಬೇಕಾ ಇಲ್ಲ ಸೀದಾ ಹಂಪಿಗೆ ಹೊರಡಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಹಂಪಿಯಲ್ಲಿ ಬಯಲಲ್ಲಿ ಜಾಸ್ತಿ ನಡೆಯಬೇಕು, ಬಂಡೆಗಳ ಮೇಲೆ ನೀರು ಹರಿಯುವಾಗ ತಾಯಿಯವರಿಗೆ ಕಷ್ಟ. ಲಕ್ಕುಂಡಿ ಗದಗಿನಿಂದ ಬರೀ 12 ಕಿಲೋಮೀಟರ್ ಆಸುಪಾಸು, ಹೇಗೂ ನಿಮ್ಮ ಹೊಸಪೇಟೆ ದಾರಿಯಲ್ಲೇ ಇದೆ. ಊರು ಚಿಕ್ಕದು, ಗುಡಿಗಳು ಹತ್ತಿರ ಹತ್ತಿರ, ಮಳೆ ಜೋರಾದರೆ ಒಳಗೆ ಕೂರಲು ಮಂಟಪಗಳಿವೆ.

ಮೊದಲು ಗಾಡಿ ಎಲ್ಲಿ ನಿಲ್ಲಿಸಿದ್ದೀರಿ ನೋಡಿ. ಇಲ್ಲಿ ಎರಿ ಮಣ್ಣು ಜಾಸ್ತಿ. ಒಣಗಿದ್ದಾಗ ಗಟ್ಟಿಯಾಗೇ ಕಾಣುತ್ತದೆ, ನಾಲ್ಕು ತಾಸು ಮಳೆ ಕುಡಿದರೆ ಚಕ್ರಕ್ಕೆ ಮೆತ್ತಿಕೊಂಡು ಭಾರದ ಗಾಡಿಯನ್ನು ಹಂಗೇ ಒಳಗೆ ಎಳೆದುಕೊಳ್ಳುತ್ತದೆ. ಹೊಲದ ಅಂಚಿನಲ್ಲಿ ನಿಲ್ಲಿಸಿದ್ದರೆ ಇವತ್ತೇ ತೆಗೆದು ಡಾಂಬರು ಅಥವಾ ಗರಸು ಹಾಕಿದ ಜಾಗಕ್ಕೆ ತನ್ನಿ. ಸಿಕ್ಕಿಬಿದ್ದರೆ ರೇಸ್ ಮಾಡಬೇಡಿ, ಮಾಡಿದಷ್ಟೂ ಹೂತುಹೋಗುತ್ತದೆ. ಪಕ್ಕದ ಊರಿನಿಂದ ಟ್ರ್ಯಾಕ್ಟರ್ ಕರೆಸಿ, ಎಷ್ಟು ಕೊಡಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಲಕ್ಕುಂಡಿಯ ಒಳಗಿನ ಓಣಿಗಳಿಗೂ ಕ್ಯಾರವಾನ್ ಇಳಿಸಬೇಡಿ. ದೊಡ್ಡ ರಸ್ತೆ ಕಡೆ ಗಟ್ಟಿ ಜಾಗ ಕೇಳಿ ನಿಲ್ಲಿಸಿ ನಡೆಯಿರಿ. ಅದೂ ಬೇಡ ಅಂದರೆ ಗಾಡಿ ಗದಗಿನಲ್ಲೇ ಬಿಟ್ಟು ಬಸ್ಸಿಗೆ ಹೋಗಿ, ಕೊಪ್ಪಳ ಕಡೆಗೆ ಬಸ್ಸು ಇದ್ದೇ ಇರುತ್ತವೆ.

ಕಾಶಿವಿಶ್ವನಾಥ ಗುಡಿಯಿಂದ ಶುರು ಮಾಡಿ. ಶಿವನ ಗರ್ಭಗುಡಿ ಪೂರ್ವಕ್ಕೆ ನೋಡುತ್ತದೆ, ಎದುರಿಗೆ ಸೂರ್ಯನ ಗುಡಿ ಪಶ್ಚಿಮಕ್ಕೆ ನೋಡುತ್ತದೆ, ಇಬ್ಬರೂ ಮುಖಾಮುಖಿ. ಮಕ್ಕಳಿಗೆ ಇದನ್ನು ಹೇಳದೆ ಅವರೇ ಕಂಡುಹಿಡಿಯಲಿ ಬಿಡಿ. ಬಾಗಿಲುವಾಡದ ಕೆತ್ತನೆ ಮುಂದೆ ಅರ್ಧ ತಾಸು ನಿಂತರೂ ಸಾಲದು. ಬಾದಾಮಿ, ಐಹೊಳೆ ಮರಳುಗಲ್ಲಿನವು. ಇಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲಿಗೆ ಬಂದಿದ್ದಾರೆ. ಆ ಕಲ್ಲು ಮೆತ್ತಗಿರುವುದಕ್ಕೇ ಇಷ್ಟು ಸಣ್ಣ ಕೆಲಸ ಮಾಡಲು ಆಯಿತು. ಮಳೆಗೆ ತೊಯ್ದಾಗ ಹೊರಗೋಡೆಯ ಕಲ್ಲು ಕಪ್ಪಗಾಗಿ ಗೆರೆ ಗೆರೆ ಎದ್ದು ಕಾಣುತ್ತದೆ, ಬಿಸಿಲಲ್ಲಿ ಬಂದವರಿಗೆ ಇದು ಸಿಗುವುದಿಲ್ಲ ನೋಡಿ. ಒಳಗೆ ಮಾತ್ರ ಕತ್ತಲು, ಒಳ್ಳೆ ಬ್ಯಾಟರಿ ಬೇಕೇ ಬೇಕು. ಕಂಬಕ್ಕೆ ನೇರ ಬೆಳಕು ಬಿಡಬೇಡಿ, ಪಕ್ಕದಿಂದ ಬಿಡಿ, ಆಗ ಚರಕಿ ಹಿಡಿದು ತಿರುಗಿಸಿದ ಕಂಬದ ಉಂಗುರಗಳು ಒಂದೊಂದೇ ಬಿಚ್ಚಿಕೊಳ್ಳುತ್ತವೆ. ಎದುರಿಗೇ ನನ್ನೇಶ್ವರ ಗುಡಿ, ಅದನ್ನೂ ಮುಗಿಸಿ.

ಆಮೇಲೆ ಬ್ರಹ್ಮ ಜಿನಾಲಯ. ಇದನ್ನು ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದಳು. ದಾನಚಿಂತಾಮಣಿ ಅಂತ ಹೆಸರು ಬಂದಿದ್ದು ಸುಮ್ನೆ ಅಲ್ಲ, ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಸಿ ಹಂಚಿದಳು ಅಂತ ಹೇಳುತ್ತಾರೆ. ಅಚ್ಚಿನ ಯಂತ್ರ ಇಲ್ಲದ ಕಾಲ ಅದು, ಒಂದೊಂದು ಪ್ರತಿಯೂ ಕೈಯಲ್ಲೇ ಬರೆಯಬೇಕು! ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ, ಸುತ್ತು ಹಾಕಿ ನೋಡಿ. ಪಕ್ಕದ ಶಿಲ್ಪಗಳ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ, ನಿಮ್ಮ ವಾರ ನೋಡಿಕೊಳ್ಳಿ.

ಈ ಊರಿಗೆ ನೂರೊಂದು ಗುಡಿ, ನೂರೊಂದು ಬಾವಿ ಅನ್ನುವ ಮಾತಿದೆ. ಮಾಣಿಕೇಶ್ವರ ಗುಡಿ ಮುಂದಿನ ಮುಸುಕಿನ ಬಾವಿ ಎಲ್ಲಕ್ಕಿಂತ ಚೆಂದ. ಆದರೆ ಮಳೆಯಲ್ಲಿ ಮೆಟ್ಟಿಲು ಇಳಿಯಲೇಬೇಡಿ, ಪಾಚಿ ಕಟ್ಟಿ ಜಾರುತ್ತದೆ. ಮಕ್ಕಳ ಕೈ ಹಿಡಿದುಕೊಂಡು ಮೇಲಿಂದಲೇ ನೋಡಿ, ಮೆಟ್ಟಿಲ ಪಕ್ಕದ ಪುಟ್ಟ ಪುಟ್ಟ ಗುಡಿಗಳು ಅಲ್ಲಿಂದಲೂ ಕಾಣುತ್ತವೆ. ತಾಯಿಯವರಿಗೆ ಹಿಡಿತ ಇರುವ ಚಪ್ಪಲಿ ಹಾಕಿಸಿ. ಒಳಗೆ ಬರಿಗಾಲಲ್ಲಿ ಹೋಗಬೇಕಾದಾಗ ಕಾಲು ಒರೆಸಲು ಒಂದು ಹಳೇ ಟವೆಲ್ ಇರಲಿ.

ಊಟಕ್ಕೆ ಗದಗಿಗೆ ವಾಪಸ್ ಬಂದು ಯಾವುದಾದರೂ ಖಾನಾವಳಿ ಹೊಕ್ಕು ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಹೊಡೆಯಿರಿ. ಸಂಜೆ ಗಿರ್ಮಿಟ್, ಮಿರ್ಚಿ ಭಜಿ ಇಲ್ಲದೆ ಗದಗ ಬಿಡಬಾರದು. ಶಕ್ತಿ ಉಳಿದಿದ್ದರೆ ತ್ರಿಕೂಟೇಶ್ವರ ಗುಡಿಗೆ ಹೋಗಿ, ಅದೇ ಆವರಣದ ಸರಸ್ವತಿ ಗುಡಿಯ ಕಂಬಗಳನ್ನು ತಪ್ಪಿಸಬೇಡಿ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕೂತು ಭಾರತ ಬರೆದ ಅನ್ನುವ ಕಂಬ ತೋರಿಸುತ್ತಾರೆ, ಅದನ್ನು ತಾಯಿಯವರು ಖಂಡಿತ ನೋಡಬೇಕು. ಡಂಬಳಕ್ಕೂ ಹೋಗಿ ಅಂತ ಕೆಳಗೆ ಯಾರೋ ಬರೆದಿದ್ದಾರೆ. ದೊಡ್ಡಬಸಪ್ಪನ ಗುಡಿಯ ನಕ್ಷತ್ರದ ಆಕಾರ ನಿಜವಾಗಿಯೂ ಅಪರೂಪ, ಆದರೆ ಅದು ಬೇರೆ ದಿಕ್ಕು. ಒಂದೇ ದಿನಕ್ಕೆ ತುರುಕಿದರೆ ಮಳೆಯಲ್ಲಿ ಬರೀ ಗಾಡಿ ಓಡಿಸಿದ್ದೇ ಆಗುತ್ತದೆ.

ರಾತ್ರಿ ಕ್ಯಾರವಾನ್ ಒಳಗೆ ತೊಯ್ದ ಬಟ್ಟೆ ಹರವಬೇಡಿ, ಬೆಳಗಾಗುವುದರಲ್ಲಿ ಗಾಜೆಲ್ಲ ಬೆವತು ಹಾಸಿಗೆಯೂ ತಂಪು ಹಿಡಿಯುತ್ತದೆ. ಬಾತ್‌ರೂಮಿನಲ್ಲಿ ನೇತುಹಾಕಿ, ಮೇಲಿನ ಕಿಂಡಿ ಸ್ವಲ್ಪ ತೆರೆದಿಡಿ. ಚಾ ಮಾಡಲು ಗ್ಯಾಸ್ ಹಚ್ಚಿದರೂ ಕಿಟಕಿ ತೆಗೆದೇ ಹಚ್ಚಿ. ಚಳಿ ಅಂತ ಎಲ್ಲ ಮುಚ್ಚಿಕೊಂಡು ಒಲೆ ಉರಿಸುವುದು ಜೀವಕ್ಕೆ ಅಪಾಯ, ಮಕ್ಕಳಿದ್ದಾರೆ.

ಮರುದಿನ ಮಳೆ ಬಿಟ್ಟರೆ ಹೊಸಪೇಟೆಗೆ ಹೋಗುವಾಗ ರಸ್ತೆಯಿಂದ ಸ್ವಲ್ಪ ಒಳಗೆ ಇಟಗಿಯ ಮಹಾದೇವ ಗುಡಿ ನೋಡಿಕೊಂಡು ಹೋಗಿ, 1112ರದ್ದು. ಲಕ್ಕುಂಡಿ ನೋಡಿದ ಕಣ್ಣಿಗೆ ಅದು ಇನ್ನೂ ಚೆನ್ನಾಗಿ ಅರ್ಥ ಆಗುತ್ತದೆ. ನಿಮ್ಮ ಗಾಡಿ ಎಷ್ಟು ಉದ್ದ, ಎಷ್ಟು ಎತ್ತರ ಅಂತ ಇಲ್ಲೇ ಬರೆಯಿರಿ, ಗದಗಿನೊಳಗೆ ಯಾವ ದಾರಿ ಹಿಡಿಯಬೇಕು ಅಂತ ಹೇಳುತ್ತೇನೆ.