ತೂಕ ಹೆಚ್ಚಾಯ್ತು ಅಂತ ಖುಷಿ ಪಟ್ವಿ, ತಪ್ಪಾ ಡಾಕ್ಟ್ರೇ?

ಪ್ರಶ್ನೆ: ನಮ್ಮ ಮಾವನವ್ರಿಗೆ 66 ವರ್ಷ, ಎರಡು ತಿಂಗಳ ಹಿಂದೆ ಆಸ್ಪತ್ರೆಲಿದ್ದು ಬಂದ್ರು. ಡಿಸ್ಚಾರ್ಜ್ ಚೀಟಿಲಿ ಹಾರ್ಟ್ ಫೇಲ್ಯೂರ್, ಇಎಫ್ 30 ಅಂತ ಬರ್ದಿದೆ, ಯಾರೂ ಬಿಡಿಸಿ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ. ಅಡುಗೆಗೆ ಉಪ್ಪು ಕಮ್ಮಿ ಹಾಕ್ತೀನಿ, ಆದ್ರೆ ಉಪ್ಪಿನಕಾಯಿ ಇಲ್ದೆ ರೊಟ್ಟಿ ಇಳಿಯಲ್ಲ ಅಂತಾರೆ. ಮದ್ವೆ ಗಿದ್ವೆಗೆ ಹೊರಟ್ರೆ ಬಸ್ಸಲ್ಲಿ ಕಷ್ಟ ಅಂತ ನೀರಿನ ಮಾತ್ರೆ (ಮೂತ್ರ ಜಾಸ್ತಿ ಮಾಡಿಸಿ ಮೈ ನೀರು ಇಳಿಸೋದು) ಬಿಟ್ಬಿಡ್ತಾರೆ. ಈ ವಾರ 3 ಕೆಜಿ ಜಾಸ್ತಿ ಆಗಿದಾರೆ, ಮೈ ತುಂಬ್ಕೊಳ್ತಿದೆ ಅಂತ ಎಲ್ರಿಗೂ ಖುಷಿ. ಆದ್ರೆ ಚಪ್ಪಲಿ ಬಿಗಿ ಆಗ್ತಿದೆ, ರಾತ್ರಿ ಇನ್ನೊಂದು ದಿಂಬು ಕೇಳ್ತಾರೆ.
ಹೆಸರು ಬೇಡ, ದಾವಣಗೆರೆ

ಉತ್ತರ: ಅವ್ರನ್ನ ಇನ್ನೂ ಡಾಕ್ಟ್ರಿಗೆ ತೋರಿಸಿಲ್ಲ ಅಂದ್ರೆ ಇದನ್ನ ಆಮೇಲೆ ಓದಿ, ಮೊದ್ಲು ಹೊರಡಿ ತಾಯಿ. ವಾರದಲ್ಲಿ 3 ಕೆಜಿ ಮೈ ಯಾರಿಗೂ ಬರಲ್ಲ, ಅದು ನೀರು. ಕಾಲಲ್ಲಿ ತುಂಬಿದ್ರಿಂದ ಚಪ್ಪಲಿ ಬಿಗಿ, ಮಲಗಿದಾಗ ಎದೆಗೆ ಏರೋದ್ರಿಂದ ಇನ್ನೊಂದು ದಿಂಬು. ಕೂತಲ್ಲೇ ಏದುಸಿರು ಬಂದ್ರೆ ಅಪಾಯಿಂಟ್ಮೆಂಟ್ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ.

ಫೇಲ್ಯೂರ್ ಅಂದ್ರೆ ಹಾರ್ಟ್ ನಿಂತುಹೋಯ್ತು ಅಂತಲ್ಲ, ಪಂಪು ಸೋತಿದೆ ಅಷ್ಟೇ. ಇಎಫ್ ಅಂದ್ರೆ ಹಾರ್ಟು ಒಂದು ಸಲ ಹಿಂಡಿದಾಗ ಅದರ ಎಡಗೋಣೆಯ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಆಚೆ ಹೋಗುತ್ತೆ ಅನ್ನೋ ಲೆಕ್ಕ. ಗಟ್ಟಿಮುಟ್ಟಾದ ಹಾರ್ಟಿಗೂ 100 ಬರಲ್ಲ, 55-60 ಬಂದ್ರೆ ನಾರ್ಮಲ್ಲು, ಹಾಗಾಗಿ 30 ಅಂದ್ರೆ ಮುಗೀತು ಅಂತ ಅಳೋದೂ ಬೇಡ, ಮಾತ್ರೆ ಸರಿಯಾಗಿ ತಗೊಂಡು ಮೇಲೆ ಬಂದೋರು ಬೇಕಾದಷ್ಟು ಜನ ಇದಾರೆ.

ಇನ್ಮೇಲೆ ಗೋಡೆ ಕ್ಯಾಲೆಂಡರ್ ಪಕ್ಕ ಒಂದು ಪೆನ್ನು ಕಟ್ಟಿಡಿ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗ್ಬಂದು, ಕಾಫಿಗೆ ಮುಂಚೆ, ಅದೇ ಮಷಿನ್ ಮೇಲೆ ನಿಲ್ಲಿಸಿ ತೂಕ ಬರೀರಿ, ಮೂರು ದಿನದಲ್ಲಿ 2 ಕೆಜಿ ಏರಿದ್ರೆ ಅವತ್ತೇ ಡಾಕ್ಟ್ರಿಗೆ ಫೋನ್ ಮಾಡಿ, ಚೆಕಪ್ ಡೇಟ್ ಬರ್ಲಿ ಅಂತ ಕೂರ್ಬೇಡಿ.

ಉಪ್ಪಿನ ವಿಷ್ಯ. ದಿನಕ್ಕೆ 5 ಗ್ರಾಂ, ಅಂದ್ರೆ ಸುಮಾರು ಒಂದು ಟೀ ಚಮಚ, ಅದ್ರಲ್ಲಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಎಲ್ಲಾ ಸೇರ್ಬೇಕು. ನಿಮ್ಮೂರ ಮಿರ್ಚಿ ಬಜ್ಜಿಗೆ ಹಾಕೋ ಸೋಡಾದಲ್ಲೂ ಸೋಡಿಯಂ ಇದೆ (ನಂಗೂ ಬಜ್ಜಿ ಇಷ್ಟ, ಏನ್ಮಾಡೋದು). ರೊಟ್ಟಿಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ನಿಂಬೆರಸದಲ್ಲೇ ಖಾರ ಅರೆದು ಕೊಡಿ. ಲೋ ಸೋಡಿಯಂ ಉಪ್ಪನ್ನ ಮಾತ್ರ ಕೇಳದೆ ತರ್ಬೇಡಿ, ಅದ್ರಲ್ಲಿ ಪೊಟ್ಯಾಸಿಯಂ ಇರುತ್ತೆ, ಹಾರ್ಟಿಗೆ ಕೊಡೋ ಕೆಲವು ಮಾತ್ರೆ ಜೊತೆ ಸೇರಿ ರಕ್ತದಲ್ಲಿ ಅದು ವಿಪರೀತ ಏರಬಹುದು.

ನೀರಿನ ಮಾತ್ರೆಗೆ ಮಾವನವ್ರನ್ನ ಬೈಬೇಡಿ, ಬಸ್ಸಲ್ಲಿ ಅವಸರ ಆದ್ರೆ ಏನ್ಮಾಡ್ಬೇಕು ಪಾಪ. ಬಿಡೋ ಬದ್ಲು ಊರು ಮುಟ್ಟಿದ್ಮೇಲೆ ತಗೋಬಹುದಾ ಅಂತ ಡಾಕ್ಟ್ರನ್ನ ಕೇಳಿ, ಸಾಮಾನ್ಯವಾಗಿ ಹೂಂ ಅಂತಾರೆ. ಮಂಡಿನೋವು ಅಂತ ಮೆಡಿಕಲ್ ಶಾಪಲ್ಲಿ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ತಗೊಂಡು ನುಂಗ್ತಿದಾರಾ ಅಂತಾನೂ ವಿಚಾರಿಸಿ, ಅವು ಮೈಯಲ್ಲಿ ನೀರು ನಿಲ್ಲಿಸ್ತವೆ. ಹೋಗೋವಾಗ ಎಲ್ಲಾ ಮಾತ್ರೆನೂ ಒಂದು ಚೀಲಕ್ಕೆ ಹಾಕ್ಕೊಂಡು ಹೋಗಿ, ಅವ್ರು ದಿಂಬಿನ ಕೆಳಗೆ ಇಟ್ಕೊಂಡಿರೋದೂ ಸೇರಿ.